ಒತ್ತಕ್ಷರ

ಮೊದಲು ಬಳೆ.
ನಾಲ್ಕೂ ಬಿಚ್ಚಿ ಖಾಲಿ ವ್ಯಾಕ್ಸ್ ಡಬ್ಬಿಯೊಳಗೆ.
ಆಮೇಲೆ ತೇಜುವಿನ ವಾಚು, ಬೆಲ್ಟಿನ ಬಕಲ್ಲು,
ಅವನ ಮಾವ ಕೊಡಿಸಿದ ಆ ದಪ್ಪ ಉಂಗುರ.
"ಮದುವೆಗೆ ಹೊರಟ ಹಾಗಲ್ಲ ಕಣೋ,
ಇಲ್ಲಿ ಎಲ್ಲ ಕಳಚಿಟ್ಟು ಬರೋದು."

ಸಾಲಗಾಮೆ ರಸ್ತೆಯ ನಮ್ಮ ಶೆಡ್ಡಿಗೆ
ಬಂದು ನಿಂತಿದೆ ಸಿಂಗ್ರೀಗೌಡರ ಕಪ್ಪು ಕಾರು.
ದನದ ಡಾಕ್ಟರು. ಇಪ್ಪತ್ತೆರಡು ವರ್ಷ
ದುದ್ದ, ಶಾಂತಿಗ್ರಾಮ, ಕೌಶಿಕ ಅಂತ
ಟಾರು ಮುಗಿದಲ್ಲಿಂದ ಮುಂದಕ್ಕೇ ಓಡಾಡಿದ್ದು.
ಬಾನೆಟ್ಟಿನ ಮೇಲೆ ಕೆಮ್ಮಣ್ಣು,
ಅರಿಸಿನ ಕುಟ್ಟಿದಷ್ಟು ನುಣ್ಣಗೆ.

ನುಣುಪನ್ನು ನಂಬಬೇಡ.
ಒಂದೊಂದು ಕಣವೂ ಒಡೆದ ಕಲ್ಲು.
ಒಣಬಟ್ಟೆ ಹಿಡಿದು ಪ್ರೀತಿಯಿಂದ ಒರೆಸುವವನೇ
ಕಾರನ್ನು ಹೆಚ್ಚು ಗೀರುವವನು.
ಮೊದಲು ನೀರು, ಸುಮ್ಮನೆ ನೀರು,
ಮೇಲಿಂದ ಕೆಳಕ್ಕೆ, ಕೈ ತಾಗಿಸದೆ.
ಬೋರ್‌ವೆಲ್ಲಿನದು ಬೇಡ, ಬಿಳಿ ಕಲೆ ಕೂರುತ್ತೆ;
ಮೂರು ದಿನಕ್ಕೊಮ್ಮೆ ಬರುವ ಹೇಮಾವತಿಯನ್ನು
ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದೇವಲ್ಲ, ಅದು.
ಎರಡು ಬಕೆಟ್ಟು. ಒಂದು ಸೋಪಿಗೆ,
ಇನ್ನೊಂದು, ಬಟ್ಟೆ ತನ್ನ ತಪ್ಪು ಒಪ್ಪಿಕೊಳ್ಳುವುದಕ್ಕೆ.

ಬಟ್ಟೆ ವಿಷಯ ನನಗೆ ಬಿಡು.
ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ ಕಾಲರು ಹೊಲಿದವಳು.
ಬಟ್ಟೆ ಎಷ್ಟೇ ಮೆತ್ತಗಿರಲಿ
ಅಂಚಿನ ಹೊಲಿಗೆ ಮೆತ್ತಗಿರಲ್ಲ.
ಲೇಬಲ್ಲಂತೂ ಗರಗಸ, ಕತ್ತರಿಸಿ ಬಿಸಾಡು.
ಕೈಜಾರಿ ನೆಲಕ್ಕೆ ಬಿತ್ತೋ,
ಆ ಬಟ್ಟೆ ಇನ್ನು ಟೈರಿಗೆ ಮಾತ್ರ.

ತೊಳೆದಾಯ್ತು. ಒಣಗಿಸಿಯೂ ಆಯ್ತು, ಉಜ್ಜದೆ,
ಎಳೆಗೂಸಿನ ನೆತ್ತಿಗೆ ಟವೆಲ್ ಇಟ್ಟ ಹಾಗೆ.
ತೇಜು ಲೈಟು ಹಿಡಿದ, ಓರೆಗೆ.
ಕಪ್ಪಿನ ಆಳದಿಂದ ಎದ್ದು ಬಂತು ಜೇಡರಬಲೆ,
ಬಲೆಯ ನಡುವೆ ಬೆರಳಗಲದ ಅಕ್ಷರ:
ತೊಳಿ ಡಾಕ್ಟ್ರೇ

ಯಾವ ಊರಿನ ಯಾವ ಪೋರನೋ
ಧೂಳಿನಲ್ಲಿ ಬರೆದದ್ದು.
ಧೂಳು ಎಂದೋ ಹೋಯಿತು. ಅವನ ಬೆರಳಡಿಯ ಮರಳು
ಬಣ್ಣದ ಮೇಲೂ ಅದನ್ನೇ ಬರೆದು ಹೋಗಿದೆ.
ಅಂದಿನಿಂದ ಎಷ್ಟು ಸಲ ತೊಳೆದರೂ
ತೊಳಿ ಅನ್ನುತ್ತಲೇ ಇದೆ ಈ ಕಾರು.

ಡಾಕ್ಟರು ಬಗ್ಗಿ ನೋಡಿ, ಕನ್ನಡಕ ಒರೆಸಿ ಮತ್ತೆ ನೋಡಿ
ಹೊಟ್ಟೆ ಹಿಡಿದು ನಕ್ಕರು.
"ಅಡ್ಡ ಸಿಕ್ಕಿಕೊಂಡ ಕರು ಇರಬೇಕು ಅವತ್ತು.
ಒಳಗೆ ಭುಜದವರೆಗೆ ನನ್ನ ಕೈ,
ಹೊರಗೆ ಹುಡುಗರಿಗೆ ಬೇರೇನು ಕೆಲಸ?"
ಆಮೇಲೆ ನನ್ನ ಬರಿ ಮುಂಗೈ ಕಂಡು:
"ನಮ್ಮಲ್ಲೂ ಹೀಗೇ ಅಮ್ಮ. ಉಂಗುರ ಬಿಚ್ಚಬೇಕು,
ಉಗುರು ಕತ್ತರಿಸಬೇಕು, ನೊರೆ ಬೇಕಾದಷ್ಟು.
ಒಳಗಿನ ಪೊರೆ ಗೀರಿದರೆ ಹಸು ಹೇಳಲ್ಲ.
ನಾಲ್ಕು ದಿನ ಕಳೆದು ಮೇವು ಬಿಡುತ್ತೆ."

ಮೀಟರಿಟ್ಟೆ. ಬಾನೆಟ್ಟಿನ ನಡುವೆ ತೊಂಬತ್ತು,
ಅಂಚಿನಲ್ಲಿ ಅರವತ್ತೂ ಇಲ್ಲ,
ಒಂದು ಕೂದಲೆಳೆಯ ದಪ್ಪ.
ಕಾರಿಗೆ ಇರುವುದು ಅಷ್ಟೇ ಚರ್ಮ.
ಪಾಲಿಶ್ ಅಂದರೆ ಹೊಳಪು ಹಚ್ಚುವುದಲ್ಲ;
ಗೀರಿನ ಸುತ್ತಲಿನ ಬಣ್ಣವನ್ನು
ಗೀರಿನ ಮಟ್ಟಕ್ಕೆ ಇಳಿಸುವುದು.
ಗಿರಾಕಿ ಓಡಿಹೋಗ್ತಾರೆ ಅಂತ
ಅಲ್ತಾಫಣ್ಣ ಈ ಮಾತು ಬೋರ್ಡಿನಲ್ಲಿ ಬರೆಸಿಲ್ಲ.

ಮೆತ್ತನೆ ಪ್ಯಾಡು, ಕಡಲೆಕಾಳಿನಷ್ಟು ಪೇಸ್ಟು,
ಯಂತ್ರದ ಭಾರವೇ ಸಾಕು, ನನ್ನದು ಬೇಡ.
ನಡುನಡುವೆ ನಿಲ್ಲಿಸಿ ಅಂಗೈ ಹಿಂಬದಿಯಿಂದ
ಜ್ವರ ನೋಡಿದೆ.
ತೊ ಹೋಯಿತು. ಳಿ ಹೋಯಿತು.
ಡಾ ಮಸುಕಾಗಿ, ತಡವಾಗಿ ಹೋಯಿತು.
ಉಳಿದದ್ದು ಅಂಚಿಗೆ ಬಂದ ಕೊನೆಯ ಅಕ್ಷರ.
ಕ ಬರೆದು, ಅದಕ್ಕೆ ಟ ಒತ್ತು, ಮತ್ತೆ ರ ಒತ್ತು,
ಅಷ್ಟೆಲ್ಲ ಸುತ್ತುವಷ್ಟರಲ್ಲಿ ಜಾಗ ಸಾಲದೆ
ಪೋರ ಉಗುರು ಊರಿದ್ದಾನೆ.
ಮೇಷ್ಟ್ರು ಚೆನ್ನಾಗಿಯೇ ಕಲಿಸಿರಬೇಕು.

"ಇನ್ನೊಂದು ಸುತ್ತು ಹೊಡೆದರೆ ಹೋಗುತ್ತೆ ಸಾರ್,
ಜೊತೆಗೆ ಬಣ್ಣವೂ ಹೋಗಬಹುದು."
ಉಗುರಿಲ್ಲದ ಬೆರಳನ್ನು ಅದರ ಮೇಲೆ ಹಿಡಿದು,
ಮುಟ್ಟದೆ, ಅವರು ಒತ್ತನ್ನು ಒಮ್ಮೆ ತಿದ್ದಿದರು.
"ಸಾಕು, ನಿಲ್ಲಿಸಮ್ಮ."

ಕಾರು ಹೋದ ಮೇಲೆ ಬಳೆಗೆ ಡಬ್ಬಿ ತೆರೆದೆ.
ಹೊರಗೆ ಸಾಲಿನಲ್ಲಿ ನಿಂತ ಜೀಪಿನ ಹಿಂದೆ
ಧೂಳಿಗೆ ಬೆರಳೆತ್ತಿದ್ದ ತೇಜು.
ಕೂಗಬೇಕೆಂದವಳು, ಗಾಜು ತಾನೇ ಅಂತ ತಡೆದೆ.
ಏನು ಬರೀತಾನೋ ನೋಡೋಣ.